ಒಂದು ಗೀರೂ ಬೀಳದ ಅಕಾರ್ಡಿಯನ್

ಶಾಲೆ ಬಿಟ್ಟ ಬಡಮಕ್ಕಳನ್ನು ಹಾಡು, ಆಟ, ವಾದ್ಯಗಳ ಮೂಲಕ ಕಲಿಕೆಗೆ ಮರಳಿಸುವ ‘ಮರಳಿ ಬಾ ಮಗುವೇ’ ಯೋಜನೆಯು ಗ್ರಿಂಡೆಷ್ಟಿ ಪಟ್ಟಣದ ಮೂರನೇ ನಂಬರ್ ಶಾಲೆಯಲ್ಲಿ ಸಂಪೂರ್ಣ ಯಶಸ್ವಿಯಾಗಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಅದಕ್ಕಾಗಿ ಕೊಂಡ ಅಕಾರ್ಡಿಯನ್ ವಾದ್ಯದ ಮೇಲೆ ಐದು ವರ್ಷಗಳಲ್ಲಿ ಒಂದು ಗೀರೂ ಬಿದ್ದಿಲ್ಲ. ಶಾಲೆಯ ಉಗ್ರಾಣ ನನ್ನ ಸುಪರ್ದಿನಲ್ಲಿರುವುದರಿಂದ ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ.

ಯೋಜನೆಗೆ ಮೊದಲು ಬಂದವಳು ಇಟ್ಟಿಗೆ ಗೂಡಿನ ಹಿಂದಿನ ಕೇರಿಯ ಜಂಫೀರ. ಹನ್ನೆರಡು ವರ್ಷ, ನಾಲ್ಕನೇ ತರಗತಿಗೇ ಶಾಲೆಗೆ ಶರಣು ಹೊಡೆದಿದ್ದಳು. ಅವಳ ತಾತ ಮದುವೆಗಳಲ್ಲಿ ಅಕಾರ್ಡಿಯನ್ನನ್ನು ಹೆಗಲಿಗೇರಿಸಿ ತಿದಿ ಎಳೆದು ನುಡಿಸುತ್ತಿದ್ದವನು. ಆತ ಸತ್ತಾಗ ಅವರ ಕೇರಿಯ ಪದ್ಧತಿಯಂತೆ ವಾದ್ಯವನ್ನೂ ಜೊತೆಗೇ ಹೂತರು. ಆತ ಕಲಿಸಿದ ಒಂದು ಹಾಡು ಮಾತ್ರ ಮೊಮ್ಮಗಳ ಬೆರಳಲ್ಲಿ ಉಳಿದಿತ್ತು. ನಮ್ಮಲ್ಲಿಗೆ ಕೆಂಪು ಅಕಾರ್ಡಿಯನ್ ಬಂದಿದೆಯೆಂದು ಕೇಳಿ ಉಗ್ರಾಣದ ಬಾಗಿಲಿಗೆ ಬಂದು ನಿಂತಳು.

“ಅದನ್ನ ನುಡ್ಸಕ್ಕೆ ಕೊಟ್ರೆ ಗಣಿತಕ್ಕೂ ಕೂರ್ತೀನಿ ಗಿತ್ಸ ಮಾಮ,” ಎಂದಳು ನನಗೆ. ಮಾರನೆಯ ದಿನವೇ ಬಂದು ಕೂತಳು ಕೂಡ.

ಆದರೆ ನಿಯಮವೊಂದಿತ್ತು. ಯೋಜನೆಯಲ್ಲಿ ಕೊಂಡ ಪ್ರತಿ ವಸ್ತುವಿನ ಮುಂಭಾಗದಲ್ಲಿ ನೆರವು ಕೊಟ್ಟವರ ಬಾವುಟಗಳಿರುವ ಚೀಟಿಯನ್ನು ಎದ್ದು ಕಾಣುವಂತೆ ಅಂಟಿಸತಕ್ಕದ್ದು. ಐದು ವರ್ಷ ಆ ಚೀಟಿ ಹರಿಯತಕ್ಕದ್ದಲ್ಲ. ಹರಿದರೆ ನೆರವು ವಾಪಸು. ಮುಖ್ಯೋಪಾಧ್ಯಾಯಿನಿ ಫಿಲೋಫ್ತೆಯಾ ಮೇಡಂ ತಾವೇ ಅಳತೆಪಟ್ಟಿ ಹಿಡಿದು, ಅಕಾರ್ಡಿಯನ್ನಿನ ನಟ್ಟನಡುವೆ, ಮಡಿಕೆ ಮಡಿಕೆಯಾದ ತಿದಿಯ ಮೇಲೆ, ಈ ತುದಿಯಿಂದ ಆ ತುದಿಗೆ ಚೀಟಿ ಅಂಟಿಸಿದರು. ತಿದಿ ತೆರೆದರೆ ಚೀಟಿ ಹರಿಯುತ್ತದೆ, ತೆರೆಯದಿದ್ದರೆ ವಾದ್ಯ ಉಸಿರೆತ್ತುವುದಿಲ್ಲ. ಇದನ್ನು ಕಂಡುಹಿಡಿದವಳು ಜಂಫೀರ. ಸಂಬಳ ತೆಗೆದುಕೊಳ್ಳುವ ನಮಗೆ ಯಾರಿಗೂ ಹೊಳೆದಿರಲಿಲ್ಲ.

“ಕಿತ್ತು ಪಕ್ಕಕ್ಕೆ ಅಂಟ್ಸಿ ಮೇಡಂ,” ಎಂದಳು.

“ಕೀಳೋವಾಗ ಹರಿದ್ರೆ ನಿಮ್ಮಪ್ಪ ಕಟ್ಕೊಡ್ತಾನಾ?”

ಆ ಸಂಜೆಯೇ ಸುತ್ತೋಲೆ ಹೊರಟಿತು: ‘ಸಂಗೀತ ತರಗತಿಯಲ್ಲಿ ವಾದ್ಯವನ್ನು ಮುಚ್ಚಿದ ಸ್ಥಿತಿಯಲ್ಲೇ ನುಡಿಸತಕ್ಕದ್ದು. ನಾದವನ್ನು ಮಕ್ಕಳು ಕಲ್ಪಿಸಿಕೊಳ್ಳತಕ್ಕದ್ದು. ಇದರಿಂದ ಸೃಜನಶೀಲತೆ ಹೆಚ್ಚುವುದು.’

ಅಂದಿನಿಂದ ಮಕ್ಕಳು ಸರದಿಯಲ್ಲಿ ಮೂಕ ಅಕಾರ್ಡಿಯನ್ನಿನ ಮೇಲೆ ಬೆರಳಾಡಿಸುವುದು, ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು ತಿನ್ನುವುದು, ಫೋಟೋಗೆ ನಗುವುದು, ಹಾಜರಿಗೆ ಸಹಿ ಹಾಕುವುದು. ಸಹಿ ನೀಲಿ ಶಾಯಿಯಲ್ಲೇ ಇರಬೇಕು. ಕಪ್ಪಾದರೆ ನಕಲೆಂದು ಅನುಮಾನ ಬರುತ್ತದೆ. ಸಹಿ ಬಾರದವರಿಗೆ ಮೂರು ವಾರ ಕೈ ಹಿಡಿದು ತಿದ್ದಿಸಿದೆ. ಯೋಜನೆಯ ಸಂಗೀತ ತರಗತಿಯಲ್ಲಿ ಯಾರಾದರೂ ಯಾರಿಗಾದರೂ ಏನಾದರೂ ಕಲಿಸಿದ್ದು ಅಷ್ಟೇ.

ಜಂಫೀರ ಚಳಿಗಾಲವಿಡೀ ತಪ್ಪದೆ ಬಂದಳು. ತಾತನ ಹಾಡಿಗೆ ಬೆರಳಾಡಿಸುತ್ತ ರಾಗವನ್ನು ತಾನೇ ಗುನುಗಿಕೊಳ್ಳುತ್ತಿದ್ದಳು. ಗಣಿತದಲ್ಲಿ ಭಿನ್ನರಾಶಿಯವರೆಗೂ ಬಂದಿದ್ದಳು.

ಹಿಮ ಕರಗಿದ ಮೇಲೆ ರಾಜಧಾನಿ ಬುಕಾರೆಸ್ಟಿನಿಂದ ತಪಾಸಣಾಧಿಕಾರಿ ಬಂದರು. ಭೂತಗನ್ನಡಿ ಹಿಡಿದು ಚೀಟಿಯ ನಾಲ್ಕೂ ಮೂಲೆ ನೋಡಿ ತೃಪ್ತರಾದರು. ಆಮೇಲೆ ಮಕ್ಕಳೂ ಇದ್ದಾರೆಂಬುದು ನೆನಪಾಯಿತು.

“ಏನ್ ಕಲ್ತೆ ಮಗಳೇ?”

“ಸಹಿ ಹಾಕೋದು ಸಾರ್,” ಎಂದಳು ಜಂಫೀರ.

‘ಅಕ್ಷರಜ್ಞಾನದಲ್ಲಿ ಗಮನಾರ್ಹ ಪ್ರಗತಿ’ ಎಂದು ಬರೆದುಕೊಂಡರು. ಒಂದೇ ಒಂದು ಸಲ ತಿದಿ ತೆರೆಯಲೇ ಎಂದು ಅವಳು ಕೇಳಿದಳು. ಅವರು ಕೆಟ್ಟವರಲ್ಲ, ಅವಳ ತಲೆ ಸವರಿದರು.

“ಐದೇ ವರ್ಷ ಅಲ್ವೇನಮ್ಮ, ತಡ್ಕೋ.”

ಮಾರನೆಯ ದಿನ ಅವಳು ಸಂಗೀತಕ್ಕೆ ಬರಲಿಲ್ಲ, ಗಣಿತಕ್ಕೂ ಬರಲಿಲ್ಲ. ಮೇಡಂ ಕಡತದಲ್ಲಿ ‘ಗುರಿ ಸಾಧಿಸಿ ನಿರ್ಗಮಿಸಿದಳು’ ಎಂದು ಬರೆದರು. ನನಗೆ ನಾಚಿಕೆಯಾಯಿತು. ದಾಸ್ತಾನು ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲದ್ದರಿಂದ ಎಲ್ಲೂ ನಮೂದಿಸಲಿಲ್ಲ.

ಐದು ವರ್ಷ ಕಳೆಯಿತು. ನಿಯಮದಂತೆ ಅಕಾರ್ಡಿಯನ್ನಿನ ಆಯುಷ್ಯ ಮುಗಿದು ಅದರ ಬೆಲೆ ಸೊನ್ನೆಯಾಯಿತು. ಬೆಲೆಯಿಲ್ಲದ ವಸ್ತುವನ್ನು ಯಾರಿಗೂ ದಾನ ಕೊಡುವಂತಿಲ್ಲ. ಮೂವರ ಸಮಿತಿಯೆದುರು ಒಡೆದು ಹಾಕಬೇಕು. ಮೇಡಂ, ವ್ಯಾಯಾಮದ ಮೇಷ್ಟ್ರು ಮತ್ತು ನಾನು ಅಂಗಳದಲ್ಲಿ ಸೇರಿದೆವು. ಪುರಸಭೆ ಸುತ್ತಿಗೆ ಕೊಟ್ಟು ಒಬ್ಬ ಪೌರಕಾರ್ಮಿಕಳನ್ನು ಕಳಿಸಿತ್ತು. ಕಿತ್ತಳೆ ಅಂಗಿ, ಹದಿನೇಳರ ಪ್ರಾಯ. ಜಂಫೀರ.

ಅಕಾರ್ಡಿಯನ್ನಿನ ಚೀಟಿಯ ಮೇಲೆ ಬೆರಳಿಟ್ಟಳು.

“ಈಗ ತೆಗೀಬೋದಾ ಮಾಮ?”

ಸಮಿತಿ ನಿಯಮಾವಳಿ ತಿರುವಿ ಹಾಕಿತು. ತೆರೆಯುವುದನ್ನು ಒಡೆಯುವ ಕೆಲಸದ ಭಾಗವೆಂದು ಪರಿಗಣಿಸಲು ಅಡ್ಡಿಯಿಲ್ಲವೆಂದು ಮೇಡಂ ಒಪ್ಪಿದರು. ಅವಳು ವಾದ್ಯದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ತಾತನ ಹಾಡಿನ ಮೊದಲ ಸ್ವರಗಳ ಮನೆಗಳ ಮೇಲೆ ಬೆರಳಿಟ್ಟು ಎಳೆದಳು. ಐದು ವರ್ಷ ಮುಚ್ಚಿದ್ದ ತಿದಿ ಮಡಿಕೆಗಳಲ್ಲಿ ಸೀಳಿಹೋಯಿತು. ಒಂದಿಷ್ಟು ಗಾಳಿ ಬಂತು, ಸ್ವರ ಬರಲಿಲ್ಲ. ಅಂಟು ಒಣಗಿದ ಚೀಟಿ ಕಳಚಿ ಕೆಳಗೆ ಬಿತ್ತು. ಅದು ಮಾತ್ರ ಹರಿದಿರಲಿಲ್ಲ.

ಮೇಡಂ ಅದನ್ನು ಎತ್ತಿ, ಧೂಳು ಒರೆಸಿ, ಕಡತಕ್ಕೆ ಸೇರಿಸಿದರು. ಜಂಫೀರ ಸುತ್ತಿಗೆ ಎತ್ತಿಕೊಂಡಳು.

ಕೆಲಸ ಮುಗಿದ ಮೇಲೆ ‘ಒಡೆದವರ ಸಹಿ’ ಎಂಬಲ್ಲಿ ಬೆರಳು ತೋರಿಸಿ ನೀಲಿ ಪೆನ್ನು ಕೊಟ್ಟೆ. ಅವಳು ಕೈ ಎತ್ತದೆ, ದುಂಡಗೆ, ಸರಾಗವಾಗಿ ಸಹಿ ಹಾಕಿದಳು.

“ನೋಡಿದ್ರಾ ಮೇಷ್ಟ್ರೇ,” ಎಂದರು ಮೇಡಂ, “ನಮ್ಮ ಯೋಜನೆಯ ಹುಡುಗಿ.” ಮೇಷ್ಟ್ರು ತಲೆದೂಗಿದರು. ನಾನೂ ತಲೆದೂಗಿ, ಸಹಿಯ ಮೇಲೆ ಮೊಹರು ಒತ್ತಿದೆ.