ಕತ್ತರಿ ಹಾಕ್ಲಾ?

ನಮ್ಮ ದೊಡ್ಡಮ್ಮನಿಗೆ ತಲೆ ಕೆಟ್ಟಿದೆ ಎಂದು ಊರಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಮೊದಲು ಅದು ಸರಿಯಾಗಿದ್ದಿರಬೇಕಲ್ಲವೇ? ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆಕೆ ಇರುವುದೇ ಹಾಗೆ!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಸ್ಕಂದಗಿರಿಯ ಬುಡದಲ್ಲಿರುವ ನಮ್ಮೂರಿನ ಅಕ್ಕಪಕ್ಕದ ಮನೆಗಳಿಗೇ ಅಕ್ಕ ತಂಗಿ ಇಬ್ಬರನ್ನೂ ಕೊಟ್ಟದ್ದರಿಂದ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ದೊಡ್ಡಮ್ಮನ ದನಿಗೆ ಆ ಗೋಡೆ ಯಾವ ಲೆಕ್ಕ? ಜಗಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು ನಲವತ್ತು ವರ್ಷದಿಂದ ಸುತ್ತಲ ಹಳ್ಳಿಗಳ ರವಿಕೆಗಳನ್ನೆಲ್ಲ ಹೊಲಿದಿದ್ದಾಳೆ. ಯಾರ ತೋಳು ಎಷ್ಟು ದಪ್ಪ, ಯಾರ ಸೊಂಟ ಯಾವಾಗ ಮಾಯವಾಯಿತು, ಎಲ್ಲ ಆಕೆಯ ನಾಲಿಗೆಯ ತುದಿಯಲ್ಲಿದೆ. ಅದಕ್ಕೇ ಊರಿನ ಹೆಂಗಸರು ಆಕೆಯ ಜೊತೆ ಜಗಳಕ್ಕೆ ಹೋಗುವುದಿಲ್ಲ.

ಆಕೆಯ ಮೊದಲ ವಿಚಿತ್ರ ಸಿಂಬೆ. ಬಿಂದಿಗೆ ಹೊರುವಾಗ ತಲೆಯ ಮೇಲೆ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಿಂಬೆ. ಜಗತ್ತೆಲ್ಲ ಅದನ್ನು ತಲೆಯ ಮೇಲಿಟ್ಟುಕೊಂಡರೆ ನಮ್ಮ ದೊಡ್ಡಮ್ಮ ಅದರ ಮೇಲೆ ಕೂರುತ್ತಾಳೆ! ಮೆಷಿನ್ ಮುಂದೆ ಸಿಂಬೆ, ಬಸ್ಸಿನ ಸೀಟಿನ ಮೇಲೆ ಸಿಂಬೆ, ಮದುವೆ ಮನೆಯ ಮೆತ್ತನೆಯ ಸೋಫಾ ಮೇಲೂ ಸಿಂಬೆ. ಒಮ್ಮೆ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಂಡಕ್ಟರ್, "ಏನಮ್ಮಾ, ಬಿಂದಿಗೆ ಮರೆತು ಬಂದ್ರಾ?" ಎಂದ. "ಬಿಂದಿಗೇನೇ ಕೂತಿರೋದು, ನೀನು ಟಿಕೆಟ್ ಹರಿಯಪ್ಪಾ" ಎಂದಳು ದೊಡ್ಡಮ್ಮ.

ಇದು ಮೂಲವ್ಯಾಧಿಯೇ ಎಂದು ಊರು ಎಂದೋ ತೀರ್ಮಾನಿಸಿಬಿಟ್ಟಿದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಹೊಲದಲ್ಲಿ ಮೂಲಂಗಿ ಕಿತ್ತವರು ನಾಲ್ಕು, ಸುವರ್ಣಗಡ್ಡೆ ಅಗೆದವರು ಒಂದು ತುಂಡು ತಂದು ಜಗಲಿಯ ಮೇಲಿಟ್ಟು, "ಒಳ್ಳೇದಂತೆ" ಎಂದು ಪಿಸುಗುಟ್ಟಿ ಹೋಗುತ್ತಾರೆ. ಅವರನ್ನು ದೊಡ್ಡಮ್ಮ ತಿದ್ದುವ ಗೋಜಿಗೇ ಹೋಗಿಲ್ಲ. "ಔಷಧಿ ಅಂತ ತಿಂದ್ರೆ ಔಷಧಿ, ಪಲ್ಯ ಅಂತ ತಿಂದ್ರೆ ಪಲ್ಯ" ಎನ್ನುತ್ತಾಳೆ. ದೊಡ್ಡಪ್ಪನವರಿಗೆ ಮಾತ್ರ ಮೂಲಂಗಿಯ ವಾಸನೆ ಬಂದರೆ ಈಗ ಕಣ್ಣಲ್ಲಿ ನೀರು ಬರುತ್ತದೆ.

ಎರಡನೆಯದು ಇನ್ನೂ ಕಷ್ಟದ್ದು. ಬಟ್ಟೆ ಕೊಟ್ಟವರನ್ನು ಕೇಳದೆ ಆಕೆ ಅದಕ್ಕೆ ಕತ್ತರಿ ಹಾಕುವುದಿಲ್ಲ. ಬಟ್ಟೆಯನ್ನು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಯನ್ನು ಬಾಯಿ ತೆರೆದು ಹಿಡಿದು, ಬಟ್ಟೆಯ ಒಡತಿಯ ಮುಖ ನೋಡಿ, "ಕತ್ತರಿ ಹಾಕ್ಲಾ?" ಎನ್ನುತ್ತಾಳೆ. ಬಾಗೇಪಲ್ಲಿ ಕಡೆಯ ತೆಲುಗಿನವರಾದರೆ, "ಕತ್ತೆರ ವೇಯನಾ?" ಅವರು "ಹಾಕಿ" ಎನ್ನಬೇಕು. ತಲೆ ಆಡಿಸಿದರೆ ಸಾಲದು. "ಹೊಲಿಯಕ್ಕೆ ತಾನೇ ಕೊಟ್ಟಿರೋದು, ಇನ್ನೇನು ಕೇಳ್ತೀರಾ?" ಎಂದರೂ ಸಾಲದು. ಬಟ್ಟೆ ಕೊಟ್ಟು ಊರಿಗೆ ಹೋದವರಿಗೆ ಫೋನ್ ಮಾಡುತ್ತಾಳೆ. ನಮ್ಮೂರಿನ ಟೀಚರೊಬ್ಬರು ತಮ್ಮ ತಮ್ಮನ ಧಾರೆಯ ಹೊತ್ತಿನಲ್ಲಿ, ವಾಲಗದ ನಡುವೆ ಫೋನ್ ಹಿಡಿದುಕೊಂಡು, "ಹಾಕಿ! ಹಾಕೀ!" ಎಂದು ಕಿರುಚಿದರಂತೆ. ತಾಳಿ ಹಿಡಿದು ನಿಂತಿದ್ದ ಮದುಮಗ ಗಡಬಡಿಸಿ ಮುಹೂರ್ತಕ್ಕೆ ಮೊದಲೇ ಕಟ್ಟಿಬಿಟ್ಟನಂತೆ!

ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಹುಡುಗರನ್ನೂ ಆಕೆ ಬಿಟ್ಟಿಲ್ಲ. ಇಳಿಯುವಾಗ ಬಂಡೆಗೆ ಸಿಕ್ಕಿ ಪ್ಯಾಂಟ್ ಹರಿದುಕೊಂಡವನೊಬ್ಬ ದೊಡ್ಡಪ್ಪನ ಪಂಚೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ. ಸಡಿಲ ದಾರ ಕತ್ತರಿಸಬೇಕಿತ್ತು, ಅಷ್ಟೇ. "ಕತ್ತರಿ ಹಾಕ್ಲಾ?" ಎಂದಳು ದೊಡ್ಡಮ್ಮ. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ, "ಏನಾದ್ರೂ ಮಾಡಿ ಆಂಟಿ" ಎಂದ. "ಏನಾದ್ರೂ ಅಂದ್ರೆ ಏನಪ್ಪಾ? ಸರಿಯಾಗಿ ಹೇಳು." ಪಾಪ, ಅವನ ಗುಂಪಿನವರೆಲ್ಲ ವ್ಯಾನ್ ಹತ್ತಿ ಹಾರ್ನ್ ಹೊಡೆಯುತ್ತಿದ್ದರು!

ಇಂಥ ದೊಡ್ಡಮ್ಮನ ಮನೆಯ ಪಕ್ಕಕ್ಕೆ ನಾನು ಚೊಚ್ಚಲ ಹೆರಿಗೆಗೆಂದು ಬಂದೆ. ಯಜಮಾನರು ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ನಮ್ಮ ಸಂಸಾರ ಗೌರಿಬಿದನೂರಿನಲ್ಲಿ. ಸೀಮಂತ ಮುಗಿಸಿ ತವರಿಗೆ ಬಂದ ಮರುದಿನವೇ ಸೊಪ್ಪು ಮಾರುವ ಹೆಂಗಸು ನನ್ನ ಹೊಟ್ಟೆ ನೋಡಿ, "ಕುಯ್ಸ್ಕೊಂತೀಯೋ, ಹರ್ಕೊಂತೀಯೋ?" ಎಂದಳು. ಊಟಕ್ಕೆ ಮುದ್ದೆಯೋ ಅನ್ನವೋ ಎಂದು ಕೇಳುವ ಧಾಟಿಯಲ್ಲಿ!

"ಏನು?" ಎಂದೆ.

"ಅದೇ ಕಣಮ್ಮ, ಮಗೀನ ತಲೆ ಬರೋವಾಗ ಜಾಗ ಸಾಲ್ದಿದ್ರೆ ಡಾಕ್ಟ್ರು ಕೆಳಗೆ ಕತ್ತರಿ ಹಾಕ್ತಾರೆ. ಹಾಕ್ದೆ ಬಿಟ್ರೆ ಅದೇ ಹರ್ಕೊಂಡು ಬರುತ್ತೆ. ಹೊಲಿಗೆ ಎರಡಕ್ಕೂ ಬೀಳುತ್ತೆ. ದಂಟು ಬೇಕಾ, ಪಾಲಕ್ ಬೇಕಾ?"

ನನಗೆ ದಂಟೂ ಬೇಡವಾಯಿತು, ಪಾಲಕ್ಕೂ ಬೇಡವಾಯಿತು. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ಮಗು ಹೊರಗೆ ಬರುವ ವಿಷಯವನ್ನು ನಾನು ಅಷ್ಟು ಆಳವಾಗಿ ಯೋಚಿಸಿರಲೇ ಇಲ್ಲ. ಯಜಮಾನರಿಗೆ ಫೋನ್ ಮಾಡಿದೆ. ಅವರು ಅರ್ಧ ದಿನ ಮೊಬೈಲಿನಲ್ಲಿ ಏನೇನೋ ನೋಡಿ ಸಂಜೆ, "ಎರಡೂ ಬೇಡ ಅಂದ್ರೆ ಆಗಲ್ವಾ?" ಎಂದರು. ಅಮ್ಮನನ್ನು ಕೇಳಿದರೆ, "ನಮ್ ಕಾಲದಲ್ಲಿ ಇದನ್ನೆಲ್ಲ ಯಾರೇ ಕೇಳ್ತಿದ್ರು? ಹೋಗ್ತಿದ್ವಿ, ಹೆರ್ತಿದ್ವಿ, ಬರ್ತಿದ್ವಿ" ಎಂದಳು. ಸಂತೆಗೆ ಹೋಗಿ ಬಂದಷ್ಟು ಸಲೀಸಾಗಿ!

ಗೋಡೆಯಾಚೆಯಿಂದ ಮೆಷಿನ್ ಸದ್ದು ಥಟ್ಟನೆ ನಿಂತಿತು. "ಕುಯ್ಯೋದು, ಹರಿಯೋದು ಅಂದ್ರಾ? ಅದನ್ನ ನನ್ನ ಕೇಳ್ಬೇಕು!"

ಬಂದಳು. ಕಂಕುಳಲ್ಲಿ ಸಿಂಬೆ, ಕೈಯಲ್ಲಿ ಕತ್ತರಿ, ಹೆಗಲ ಮೇಲೆ ಹಳೆಯ ಲುಂಗಿ. ಲುಂಗಿಯ ಒಂದು ಭಾಗವನ್ನು ಪರ್‍ರನೆ ಹರಿದಳು, ಇನ್ನೊಂದನ್ನು ಕತ್ತರಿಸಿದಳು. "ನೋಡು, ಹರಿದಿದ್ದು ತನಗೆ ಇಷ್ಟ ಬಂದ ಕಡೆ ಹೋಯ್ತು. ಕುಯ್ದಿದ್ದು ನಾನು ಹೇಳಿದ ಕಡೆ ನಿಂತ್ಕೊಂತು. ಹೊಲಿಯೋರಿಗೆ ಯಾವುದು ಸಲೀಸು?" ಎಂದಳು. ಸರಿ, ಕತ್ತರಿಯೇ ವಾಸಿ ಎಂದು ನಿರ್ಧರಿಸಿ ಹಾಯಾಗಿ ಮಲಗಿದೆ.

ಬೆಳಿಗ್ಗೆ ಎದ್ದರೆ ದೊಡ್ಡಮ್ಮ ಹೊಸ ಪಾಪ್ಲಿನ್ ತುಂಡು ಹಿಡಿದು ನಿಂತಿದ್ದಳು. "ಎಳಿ. ಹರಿಯುತ್ತಾ ನೋಡು." ಎಳೆದೆ. ನನ್ನ ಉಸಿರು ಹರಿಯಿತೇ ವಿನಾ ಬಟ್ಟೆ ಹರಿಯಲಿಲ್ಲ. ಅಂಚಿಗೆ ಅಕ್ಕಿಕಾಳಿನಷ್ಟು ಕತ್ತರಿ ತೋರಿಸಿದಳು. "ಈಗ ಎಳಿ." ಬಟ್ಟೆ ಈ ತುದಿಯಿಂದ ಆ ತುದಿಯವರೆಗೆ ಹೋಯಿತು! "ನೋಡ್ದಾ? ಅಂಚು ಗಟ್ಟಿ ಇರೋವರ್ಗೂ ಬಟ್ಟೆ ತಡ್ಕೊಳುತ್ತೆ. ಒಂದ್ಸಲ ಕತ್ತರಿ ಬಾಯಿ ಇಟ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೋ!"

"ಹಾಗಾದ್ರೆ ನೆನ್ನೆ ಹೇಳಿದ್ದು?"

"ನೆನ್ನೇದು ನೆನ್ನೆ ಕಣೇ."

ಹಾಗಾದರೆ ಕತ್ತರಿ ಬೇಡ. ಇದು ಮಧ್ಯಾಹ್ನದವರೆಗೆ ಉಳಿಯಿತು. ಮಧ್ಯಾಹ್ನ ಯಾರೋ ದಪ್ಪ ಹೆಂಗಸು ಹಳೆಯ ರವಿಕೆ ಹಾಕಿ ನೋಡಲು ಹೋಗಿ ತೋಳು ಸಿಕ್ಕಿಸಿಕೊಂಡಳು. ಕೈ ನೀಲಿಗಟ್ಟತೊಡಗಿತ್ತು. ದೊಡ್ಡಮ್ಮ "ಕತ್ತರಿ ಹಾಕ್ಲಾ?" ಎಂದು ಕೇಳಿ, "ಹಾಕವ್ವಾ ಮಾರಾಯ್ತಿ!" ಎನ್ನಿಸಿಕೊಂಡು ತೋಳನ್ನು ಬಿಡಿಸಿದಳು. ಆಮೇಲೆ ಹಿತ್ತಿಲ ಗೋಡೆಯ ಮೇಲಿಂದ ಇಣುಕಿ, "ಸಿಕ್ಕಾಕೊಂಡಾಗ ಮಾತ್ರ ಕತ್ತರಿ ಬೇಕೇ ಬೇಕು ಕಣೇ!" ಎಂದಳು. ನಾನು ಅಳುವುದೋ ನಗುವುದೋ?

ಅಷ್ಟಕ್ಕೆ ಬಿಟ್ಟಳೇ? ಅಳತೆ ಕೊಡಲು ಬಂದವರಿಗೆಲ್ಲ ಎದೆ, ಸೊಂಟ, ತೋಳು ಆದ ಮೇಲೆ, "ಹೆರಿಗೇಲಿ ಕುಯ್ದಿದ್ರಾ, ಹರ್ದಿತ್ತಾ?" ಎಂದು ಕೇಳತೊಡಗಿದಳು. ಮೊದಲು ನಾಚಿಕೊಂಡ ಹೆಂಗಸರು ಆಮೇಲೆ ಅಳತೆ ಇಲ್ಲದಿದ್ದರೂ ಹೇಳಿಕೊಳ್ಳಲು ಬರತೊಡಗಿದರು. ದೊಡ್ಡಪ್ಪನವರು ತಮ್ಮದೇ ಜಗಲಿಯಿಂದ ಗಡೀಪಾರಾಗಿ ಹಿತ್ತಿಲಲ್ಲಿ ಹಸುವಿನ ಪಕ್ಕ ಕೂತು ಕಾಫಿ ಕುಡಿಯುವಂತಾಯಿತು. ಕುಯ್ದದ್ದೇ ಬೇಗ ಮಾಯಿತು ಎಂದಳು ಒಬ್ಬಳು. ಅಯ್ಯೋ, ಕುಯ್ದದ್ದು ತಿಂಗಳುಗಟ್ಟಲೆ ನೋವು, ಎರಡನೆಯ ಹೆರಿಗೆಯಲ್ಲಿ ಹರಿದದ್ದು ವಾರಕ್ಕೇ ಕೂಡಿಕೊಂಡಿತು ಎಂದಳು ಇನ್ನೊಬ್ಬಳು. ಎರಡೂ ಇಲ್ಲದೆ ಹೆತ್ತೆ ಎಂದವಳನ್ನು ಎಲ್ಲರೂ ಅನುಮಾನದಿಂದ ನೋಡಿದರು. ಒಬ್ಬಳು ಮಾತ್ರ, "ನನಗೆ ಏನ್ ಮಾಡಿದ್ರೋ, ಇವತ್ತಿಗೂ ಗೊತ್ತಿಲ್ಲಕ್ಕ" ಎಂದಳು. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಸಿಂಬೆ ಎಳೆದುಕೊಂಡು ಆಕೆಯ ಪಕ್ಕಕ್ಕೆ ಹೋಗಿ ಕೂತಳು. ನನ್ನ ತಲೆಯೇ ಗೊಂದಲದ ಗೂಡಾಗಿದ್ದರಿಂದ ನಾನು ಅದನ್ನು ಆಗ ದೊಡ್ಡದು ಮಾಡಲಿಲ್ಲ.

ಒಂಬತ್ತನೆಯ ತಿಂಗಳ ತಪಾಸಣೆಗೆ ಚಿಕ್ಕಬಳ್ಳಾಪುರಕ್ಕೆ ಹೊರಟಾಗ ದೊಡ್ಡಮ್ಮ ಕರೆಯದೆಯೇ ಬಸ್ ಹತ್ತಿದಳು. ಡಾಕ್ಟರಮ್ಮನ ಮೇಜಿನ ಮೇಲೆ ಹರಿದ ತುಂಡು, ಕುಯ್ದ ತುಂಡು ಎರಡನ್ನೂ ಹೊಲಿದು ತಂದು ಹಾಸಿದಳು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಇದರಲ್ಲಿ ಯಾವುದು ಗಟ್ಟಿ, ನೀವೇ ಹೇಳಿ" ಎಂದಳು.

ಡಾಕ್ಟರಮ್ಮ ಪುಣ್ಯಾತ್ಗಿತ್ತಿ, ಬೈಯಲಿಲ್ಲ. ಬಟ್ಟೆಗಳನ್ನು ಬೆರಳಲ್ಲಿ ಸವರಿ ನೋಡಿದರು. "ಹೊಲಿಗೆ ನನ್ನದಕ್ಕಿಂತ ಚೆನ್ನಾಗಿದೆ. ಆದ್ರೆ ಬಟ್ಟೆ ತಾನಾಗೇ ಕೂಡಿಕೊಳ್ಳಲ್ಲಮ್ಮ, ಮೈ ಕೂಡಿಕೊಳ್ಳುತ್ತೆ. ಎಲ್ಲರಿಗೂ ಕತ್ತರಿ ಹಾಕೋ ಪದ್ಧತಿ ನಾವು ಇಟ್ಕೊಂಡಿಲ್ಲ. ಬಿಸಿ ಬಟ್ಟೆ ಒತ್ತಿ, ನಿಧಾನಕ್ಕೆ ತಲೆ ಬರೋ ಹಾಗೆ ನೋಡ್ಕೋತೀವಿ. ಸ್ವಲ್ಪ ಹರಿದ್ರೆ ಸಾಮಾನ್ಯವಾಗಿ ಚೆನ್ನಾಗೇ ಮಾಯುತ್ತೆ. ಮಗೂಗೆ ಕಷ್ಟ ಆಗ್ತಿದೆ, ಬೇಗ ತೆಗೀಬೇಕು ಅನ್ನಿಸಿದ್ರೆ ಹಾಕ್ತೀವಿ. ಯಾವುದು ಅಂತ ಇವತ್ತೇ ಹೇಳಕ್ಕಾಗಲ್ಲ."

"ಯಾವ ದಾರ?"

"ತಾನೇ ಕರಗೋ ದಾರ."

"ಕರಗೋ ದಾರದಲ್ಲಿ ಹೊಲಿದ್ರೆ ಅದನ್ನ ಹೊಲಿಗೆ ಅಂತಾರೇನ್ರೀ?" ದೊಡ್ಡಮ್ಮನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆಮೇಲೆ ಸಿಂಬೆಯ ಮೇಲೆ ನೆಟ್ಟಗೆ ಕೂತು, ದನಿ ಇಳಿಸಿ, "ಹಾಕೋಕೆ ಮುಂಚೆ ಇವಳನ್ನ ಕೇಳ್ತೀರಾ?" ಎಂದಳು.

"ಕೇಳ್ತೀವಿ."

"ಇವಳು ನೋವಲ್ಲಿ ಕಿರುಚ್ತಾ ಇದ್ರೂ?"

"ಆಗ್ಲೂ ಕೇಳ್ತೀವಮ್ಮ."

ದೊಡ್ಡಮ್ಮ ಬಟ್ಟೆ ಮಡಚಿಕೊಂಡಳು. ನನಗಂತೂ ಕತ್ತರಿಯೋ ಹರಿಯುವುದೋ ಎಂಬುದು ಇನ್ನೂ ತಿಳಿಯಲಿಲ್ಲ. ಇಷ್ಟೆಲ್ಲ ಕಲಿತು ಬಂದಿದ್ದೇನು? "ನೋಡೋಣ" ಎಂಬ ಒಂದು ಮಾತು!

ನೋವು ಶುರುವಾದದ್ದು ಬೆಳಿಗ್ಗೆ, ಹೆರಿಗೆಯಾದದ್ದು ಮಧ್ಯಾಹ್ನ. ಅದನ್ನು ಬಣ್ಣಿಸಲಾರೆ, ಹೆತ್ತವರಿಗೆ ಗೊತ್ತು, ಹೆರದವರಿಗೆ ಹೇಳಿ ಪ್ರಯೋಜನವಿಲ್ಲ. ಬಿಸಿ ಬಟ್ಟೆ ಒತ್ತಿದರು, ಉಸಿರು ಬಿಡು ಎಂದರು, ತಳ್ಳಬೇಡ ಎಂದರು, ತಳ್ಳು ಎಂದರು. ಕೊನೆಯಲ್ಲಿ ಮಗುವಿನ ಎದೆಬಡಿತದ ಸದ್ದು ಇದ್ದಕ್ಕಿದ್ದಂತೆ ನಿಧಾನವಾಯಿತು. ಕೋಣೆಯಲ್ಲಿ ಎಲ್ಲರ ಕೈಗಳೂ ಚುರುಕಾದವು. ಡಾಕ್ಟರಮ್ಮ ನನ್ನ ಮುಖದ ಹತ್ತಿರ ಬಗ್ಗಿದರು.

"ಮಗು ಬಡಿತ ಇಳೀತಿದೆ. ಬೇಗ ತೆಗೀಬೇಕು. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕತ್ತರಿ ಹಾಕ್ಲಾ?"

ಆ ಹೊತ್ತಿನಲ್ಲಿ ನನಗೆ ಕಂಡದ್ದು ಯಾವ ದೇವರೂ ಅಲ್ಲ, ಬಾಯಿ ತೆರೆದ ಕತ್ತರಿ ಹಿಡಿದು ಕಾಯುತ್ತಿರುವ ದೊಡ್ಡಮ್ಮ. ತಲೆ ಆಡಿಸಿದರೆ ಸಾಲದು.

"ಹಾಕಿ" ಎಂದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನನಗೆ ಯಾವ ಗೊಂದಲವೂ ಇರಲಿಲ್ಲ.

ಹೆಣ್ಣು ಮಗು. ಹುಟ್ಟಿದ ಕೂಡಲೇ ಆಸ್ಪತ್ರೆ ಹಾರಿಹೋಗುವಂತೆ ಅತ್ತಳು. ವಾರ್ಡಿಗೆ ಬಂದ ಮೇಲೆ ಅಮ್ಮ ಮಗುವಿನ ಮೂಗು ಯಾರದ್ದು ಎಂದು ನೋಡಿದಳು, ಯಜಮಾನರು ಅಳುತ್ತಾ ಫೋಟೋ ತೆಗೆದರು. ದೊಡ್ಡಮ್ಮ ಮಗುವನ್ನು ನೋಡದೆ ನೇರ ನನ್ನ ಬಳಿ ಬಂದಳು.

"ಕೇಳಿದ್ರಾ?"

"ಕೇಳಿದ್ರು ದೊಡ್ಡಮ್ಮ. ಹಾಕಿ ಅಂದೆ."

ಆಕೆಯ ಮುಖ ಸಡಿಲವಾಯಿತು. ಕಂಕುಳಿಂದ ಸಿಂಬೆ ತೆಗೆದಳು. ನನ್ನನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಿ, ಅದನ್ನು ನನ್ನ ಕೆಳಗೆ ಇಟ್ಟು, ಹೊಲಿಗೆ ತಾಗದಂತೆ ಸರಿಮಾಡಿ ಕೂರಿಸಿದಳು. ಎಂಥ ನೆಮ್ಮದಿ! ನಾನು ಆಕೆಯ ಮುಖವನ್ನೇ ನೋಡಿದೆ. ಇಷ್ಟು ವರ್ಷ ಮೂಲಂಗಿ ಪಲ್ಯ ಮಾಡುತ್ತಾ ಬಂದ ದೊಡ್ಡಮ್ಮ!

"ನಿಮ್ಮಣ್ಣನ್ನ ಹೆರೋವಾಗ ನನ್ನ ಯಾರೂ ಕೇಳ್ಲಿಲ್ಲ ಕಣೇ" ಎಂದಳು, ನನ್ನ ಹೊದಿಕೆಯ ಅಂಚು ಸರಿಪಡಿಸುತ್ತಾ. "ಕತ್ತರಿ ಸದ್ದು ಕೇಳಿಸ್ತು. ಗೊತ್ತಿರೋ ಸದ್ದಲ್ವಾ? ಯಾರೋ ಬಟ್ಟೆ ಕುಯ್ತಾವ್ರೆ ಅನ್ಕೊಂಡೆ."

ನಾನು ಆಕೆಯ ಕೈ ಹಿಡಿದುಕೊಂಡೆ. ಆಕೆಗೆ ಹಾಕಿದ ಹೊಲಿಗೆ ಸರಿಯಾಗಿ ಕೂಡಿಕೊಳ್ಳಲೇ ಇಲ್ಲವಂತೆ. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡು ಮಲಗು ಎಂದರಂತೆ. ಮೆಷಿನ್ ತುಳಿಯಲು ಆರು ತಿಂಗಳು ಬೇಕಾಯಿತಂತೆ. ದೊಡ್ಡಪ್ಪನಿಗೂ ಹೇಳಿರಲಿಲ್ಲವಂತೆ.

ಈಗ ಮಗಳಿಗೆ ಆರು ತಿಂಗಳು, ನಾವು ಗೌರಿಬಿದನೂರಿಗೆ ಮರಳಿದ್ದೇವೆ. ಮೊನ್ನೆ ಅಡುಗೆ ಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದ್ದಾಗ ದೊಡ್ಡಮ್ಮನ ಫೋನ್ ಬಂತು. ಯುಗಾದಿಗೆ ಮಗುವಿಗೆ ರೇಷ್ಮೆ ಲಂಗ ಹೊಲಿಯುತ್ತಿದ್ದಾಳೆ. ಗೆರೆ ಎಳೆದಾಗಿದೆ.

"ಹಾಕು ದೊಡ್ಡಮ್ಮ, ಹಾಕು!" ಎಂದೆ ಅವಸರದಲ್ಲಿ.

"ನಿನ್ನ ಯಾರೇ ಕೇಳಿದ್ರು? ಬಟ್ಟೆ ಅವಳ್ದು. ಅವಳಿಗೆ ಕೊಡು."

ಒಲೆ ಆರಿಸಿ, ಫೋನನ್ನು ಮಗಳ ಕಿವಿಗೆ ಹಿಡಿದೆ. ಆ ಕಡೆಯಿಂದ ದೊಡ್ಡಮ್ಮ, ದೊಡ್ಡವರೊಬ್ಬರನ್ನು ಕೇಳುವಷ್ಟೇ ಮರ್ಯಾದೆಯಿಂದ, "ಕತ್ತರಿ ಹಾಕ್ಲಾ ಕಣಮ್ಮಾ?" ಎಂದಳು. ಮಗಳು ಫೋನನ್ನು ಜೊಲ್ಲಿನಲ್ಲಿ ತೋಯಿಸಿ ಯೋಚಿಸಿದಳು. ದೊಡ್ಡಮ್ಮ ಕಾದಳು. ಪೂರ್ತಿ ಒಂದು ನಿಮಿಷ ಕಾದಳು. ಕೊನೆಗೆ ಮಗಳು, "ಹಾ" ಎಂದಳು.

ಆಮೇಲೆ ಕತ್ತರಿಯ ಸದ್ದು ಕೇಳಿಸಿತು.