ಪುಣೆಯವರ ಬಾಯಿ ನೋಡಿದ ದಿನಗಳು

ದಿನವಿಡೀ ಮಂದಿಯ ಬಾಯಿಯೊಳಗೆ ಇಣುಕುವವನು ನಗುವಿಗಾಗಿ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಎದುರಿಗೆ ಕೂತವರು ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ ನಾನು ಪುಣೆಯಲ್ಲಿ ಹಲ್ಲು, ಒಸಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಇವೆಲ್ಲ ಆಗಿನ ಮಾತು.

೧. ಮೇಲಿನ ಪದವಿ

ಮುಂಬಯಿಯಲ್ಲಿ ಡಾಕ್ಟರಿ ಓದಿ ಮುಗಿಸಿ ಧಾರವಾಡಕ್ಕೆ ಬಂದಾಗ ಅಪ್ಪ ಆಗಲೇ ನನ್ನ ಹೆಸರಿನ ಬೋರ್ಡು ಬರೆಸಿ ಇಟ್ಟಿದ್ದರು. ಅಪ್ಪ ವಕೀಲರು. ಎದುರಿನವನು ತಾನೇ ಸಿಕ್ಕಿಬೀಳುವ ಹಾಗೆ ಪ್ರಶ್ನೆ ಕೇಳುವುದು ಅವರಿಗೆ ಮನೆಯಲ್ಲೂ ರೂಢಿ. ಬೋರ್ಡು ಈಗಲೇ ಬೇಡ, ಪುಣೆಗೆ ಹೋಗಿ ಮೇಲಿನ ಪದವಿಗೆ ಓದುತ್ತೇನೆ ಎಂದೆ.

"ಇಷ್ಟ ದಿನ ಏನ ಓದಿದಿ?"

"ಇಡೀ ಶರೀರ."

"ಇನ್ನ ಪುಣೇದಾಗ ಏನ ಓದಾಂವ?"

"ಬರೇ ಬಾಯಿ."

ಅಪ್ಪ ಅಡುಗೆಮನೆಯ ಕಡೆ ತಿರುಗಿ ಅವ್ವನಿಗೆ ಹೇಳಿದರು: "ಇದೊಂದ್ ಸಲ ಹೋಗಿ ಬರಲಿ. ಮುಂದ ಮತ್ತ ಕಳಸೂದು ಬ್ಯಾಡ. ಮೊದಲ ಇಡೀ ಶರೀರ ಓದಿದ್ದ, ಈಗ ಬರೇ ಬಾಯಿ. ಇದಕ್ಕೂ ಮ್ಯಾಲಿನ ಪದವಿ ಅಂದ್ರ ಒಂದ ಹಲ್ಲ ಇರಬೇಕು."

೨. ಟಾಂಗಾ ಸವಾರಿ

ಪುಣೆಯಲ್ಲಿ ರವಿವಾರ ಪೇಟೆಯ ಒಂದು ವಾಡೆಯಲ್ಲಿ ಬಾಡಿಗೆಗೆ ಇದ್ದೆ. ಮಾಲೀಕರು ಬಾಗಲಕೋಟೆ ಕಡೆಯವರು, ಸೀರೆ ವ್ಯಾಪಾರಿ. ಒಂದು ಮುಂಜಾನೆ ಅವರ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಹಲ್ಲು ಕೀಳಿಸದೆ ಗತಿಯಿಲ್ಲವೆಂದು ಟಾಂಗಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ.

ರಸ್ತೆಯೆಲ್ಲ ಕಲ್ಲು. ಟಾಂಗಾ ಒಮ್ಮೆ ಎಗರಿದರೆ ಮಾಲೀಕರು ನೋವಿನಿಂದ "ಹಲ್ಲು, ಹಲ್ಲೂ" ಅನ್ನುತ್ತಿದ್ದರು. ಆ ಬಾಯಲ್ಲಿ ಬೇರೆ ಮಾತು ಹೊರಡುತ್ತಿರಲಿಲ್ಲ. ವಿಚಿತ್ರವೆಂದರೆ ಅವರು ಕೂಗಿದಷ್ಟೂ ಟಾಂಗಾ ನಿಧಾನವಾಗುತ್ತ ಬಂತು. ಕಡೆಗೆ ಕೈಯಲ್ಲಿ ತರಕಾರಿ ಚೀಲ ಹಿಡಿದ ಮುದುಕರೊಬ್ಬರು ನಮ್ಮನ್ನು ದಾಟಿ ಮುಂದೆ ಹೋದರು.

"ಸ್ವಲ್ಪ ಜೋರಾಗಿ ಹೊಡೆಯಪ್ಪ, ಅವರಿಗೆ ತಡೆಯೋಕಾಗ್ತಿಲ್ಲ" ಎಂದು ಮರಾಠಿಯಲ್ಲಿ ಹೇಳಿದೆ.

ಟಾಂಗಾದವನಿಗೆ ಬೇಸರವಾಯಿತು. ಮರಾಠಿಯಲ್ಲಿ ನಿಧಾನಕ್ಕೆ ಹಳೂ ಅನ್ನುತ್ತಾರೆ. ಅವನು ಹಿಂತಿರುಗಿ ನೋಡಿ ಅಂದ: "ನೀವಿಬ್ಬರೂ ಮೊದಲು ಒಂದು ಮಾತಿಗೆ ಬನ್ನಿ ಸಾಹೇಬ. ಶೇಟಜಿ ಹಳೂ ಹಳೂ ಅಂತಾರೆ. ಇನ್ನೂ ಹಳೂ ಹೋಗಬೇಕೆಂದರೆ ಕುದುರೆ ಬಿಚ್ಚಿಬಿಡುತ್ತೇನೆ."

೩. ಬ್ರಷ್ಷಿನ ಉಪಯೋಗ

ತಂಬಾಕು ಸುಟ್ಟು ಪುಡಿ ಮಾಡಿದರೆ ಮಿಸರಿ. ಅಲ್ಲಿನ ಎಷ್ಟೋ ಹೆಂಗಸರು ದಿನಾ ಹಲ್ಲಿಗೆ ತಿಕ್ಕುವುದು ಅದನ್ನೇ. ಮಿಸರಿ ಬಿಟ್ಟು ಬ್ರಷ್ ಹಿಡಿದರೆ ಒಸಡು ಎಷ್ಟು ಸುಧಾರಿಸುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ನಮ್ಮ ಪ್ರಾಧ್ಯಾಪಕರು ನಗುವುದನ್ನು ಯಾರೂ ಕಂಡಿರಲಿಲ್ಲ. ತಮ್ಮ ಕಣ್ಣಿನಿಂದ ನೋಡದೆ ಯಾವುದನ್ನೂ ಒಪ್ಪುವವರೂ ಅಲ್ಲ. ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಕೆಲವು ಮನೆಗಳಿಗೆ ನಾನು ಬ್ರಷ್ ಹಂಚಿ ಬಂದಿದ್ದೆ. ಕೆಲವು ತಿಂಗಳಾದ ಮೇಲೆ ಪ್ರಾಧ್ಯಾಪಕರೂ ನನ್ನ ಜೊತೆ ರೈಲು ಹತ್ತಿದರು.

ಮೊದಲ ಮನೆಯ ಆಜಿಬಾಯಿ ನಕ್ಕು ಸ್ವಾಗತಿಸಿದರು. ಹಲ್ಲು ಮೊದಲಿಗಿಂತ ಕಪ್ಪಗಿದ್ದವು.

"ಬ್ರಷ್ ಉಪಯೋಗಿಸುತ್ತೀರಾ?" ಪ್ರಾಧ್ಯಾಪಕರು ಕೇಳಿದರು.

"ದಿನಾ. ಸ್ನಾನ ಆದಮೇಲೆ."

"ಸ್ನಾನ ಆದಮೇಲೆ ಯಾಕೆ?"

"ಮೈಲಿಗೆಯಲ್ಲಿ ಮುಟ್ಟಬಹುದೇ?" ಎಂದು ಆಕೆ ನಮ್ಮನ್ನು ದೇವರಮನೆಯ ಬಾಗಿಲಿಗೆ ಕರೆದೊಯ್ದರು. ಬ್ರಷ್ ಗಂಟೆಯ ಪಕ್ಕದಲ್ಲಿತ್ತು. ಹಿತ್ತಾಳೆಯ ಗಣಪತಿ ಲಕಲಕ ಹೊಳೆಯುತ್ತಿದ್ದ. ಸೊಂಡಿಲ ಸಂದಿಯ ಕೊಳೆ ಎಷ್ಟೋ ವರ್ಷದಿಂದ ಹೋಗಿರಲಿಲ್ಲ, ನಿಮ್ಮಿಂದ ಹೋಯಿತು ಎಂದು ಆಜಿಬಾಯಿ ನನಗೆ ಕೈ ಮುಗಿದರು.

ಹಿಂದಿರುಗುವಾಗ ರೈಲಿನಲ್ಲಿ ಪದವಿ ಕೈಬಿಟ್ಟಿತೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಖಡಕಿ ಸ್ಟೇಷನ್ ದಾಟಿದ ಮೇಲೆ ಪ್ರಾಧ್ಯಾಪಕರು ಅಂದರು: "ಬ್ರಷ್ಷಿನಿಂದ ಹಲ್ಲು ಸ್ವಚ್ಛವಾದವರು ಒಬ್ಬರಾದರೂ ಸಿಕ್ಕರಲ್ಲ. ಆದರೆ ಅವರಿಗೆ ಇರೋದು ಒಂದೇ ದಂತ, ಅದೇ ತೊಂದರೆ."

೪. ಕನ್ಯಾ ನೋಡಿದ್ದು

ಓದು ಮುಗಿಯುವ ಹೊತ್ತಿಗೆ ಧಾರವಾಡದಿಂದ ಕಾಕು, ನಮ್ಮ ಚಿಕ್ಕಪ್ಪನ ಹೆಂಡತಿ, ಬಂದಿಳಿದಳು. ಶನಿವಾರ ಪೇಟೆಯಲ್ಲಿ ಬೆಳಗಾವಿ ಕಡೆಯ ಒಬ್ಬ ಕಚೇರಿ ಗುಮಾಸ್ತರು, ಅವರ ಮಗಳನ್ನು ನೋಡಲು ಹೋಗಬೇಕು. ದಾರಿಯಲ್ಲಿ ಕಾಕು ಎಚ್ಚರಿಸಿದಳು: "ಅಲ್ಲೆ ಹಲ್ಲಿನ ಮಾತ ತಗೀಬ್ಯಾಡಪ್ಪಾ." ಆಗಲಿ ಎಂದೆ.

ನಾನು ತೆಗೆಯಲಿಲ್ಲ. ಹುಡುಗಿಯ ತಂದೆಯೇ ತೆಗೆದರು. "ಡಾಕ್ಟರ್ ಸಾಹೇಬ್ರ, ಇದೊಂದ್ ಹಲ್ಲು ಭಾಳ ಅಳಗ್ಯಾಡ್ತದ, ನೋಡ್ತೀರೇನ್ರಿ?" ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದೆ. ಅಷ್ಟರಲ್ಲಿ ಅವರ ತಾಯಿ ಬಂದು ಕೂತರು. ಸುದ್ದಿ ಹೇಗೆ ಹೋಯಿತೋ, ವಾಡೆಯ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಸಾಲು ನಿಂತರು. ಸಂಶೋಧನೆಗೆ ಬಾಯಿ ಸಿಗದೆ ಒದ್ದಾಡುತ್ತಿದ್ದ ನನಗೆ ಹಬ್ಬವಾಯಿತು. ನಡುವೆ ಯಾರೋ ಅವಲಕ್ಕಿ ತಟ್ಟೆ ಹಿಡಿದು ಬಂದರು. "ಅಲ್ಲೆ ಇಡ್ರಿ. ಕೂಡ್ರಿ, ಬಾಯಿ ತಗೀರಿ" ಎಂದೆ. ನೋಡಿ, "ಎಡಗಡೆ ದವಡಿ ಹಲ್ಲು ಹುಳುಕಾಗ್ಯದ. ಹೂಂ, ಮುಂದಿನವರು ಬರ್ರಿ" ಎಂದೆ.

ಹೊರಗೆ ಬಂದು ವಾಡೆ ದಾಟಿದ ಮೇಲೆ ಕಾಕು ಕೇಳಿದಳು: "ಹುಡುಗಿ ಹ್ಯಾಂಗದಾಳ?"

"ಎಲ್ಲೆ? ತೋರಿಸಲೇ ಇಲ್ಲಲ್ಲ."

"ಅವಲಕ್ಕಿ ಯಾರ ತಂದ್ರು?"

ಎಷ್ಟು ನೆನಪು ಮಾಡಿಕೊಂಡರೂ ದವಡೆ ಹಲ್ಲೊಂದೇ ಕಣ್ಣ ಮುಂದೆ ಬರುತ್ತಿತ್ತು. ಸಂಬಂಧ ಮುರಿದಂತೆಯೇ ಎಂದು ಕಾಕು ಊರಿಗೆ ಹೋಗಲು ಟ್ರಂಕು ಕಟ್ಟಿದಳು.

ಮರುದಿನ ಹುಡುಗಿಯ ತಂದೆಯೇ ನಮ್ಮ ವಾಡೆಗೆ ಬಂದರು. ನಾನು ತಪ್ಪಾಯಿತೆಂದು ಹೇಳುವ ಮೊದಲೇ ಅವರು ಕಾಕುವಿನ ಕಡೆ ತಿರುಗಿದರು. "ರಾತ್ರಿ ಮನಿಯೊಳಗ ದೊಡ್ಡ ವಾದ ಆತ್ರಿ ಬಾಯಾರ. ಇಂಥಾ ವರ ಬ್ಯಾಡ ಅಂತ ನಮ್ಮವ್ವ ಹಟ ಹಿಡದ್ಲು. ಮಗಳು ಮಾತ್ರ ಇವರನ್ನ ಮಾಡ್ಕೋತೇನಿ ಅಂದಳು."

"ಯಾಕಂತ್ರಿ?" ಕಾಕುವಿಗೆ ನಂಬಿಕೆಯೇ ಬರಲಿಲ್ಲ.

"'ಇವರು ಎಲ್ಲಾರ ಬಾಯಿ ನೋಡಿದ್ರು, ಒಬ್ಬರ ಮಾರೀನೂ ನೋಡಲಿಲ್ಲ. ನಾ ಮುದುಕಿ ಆದ್ರೂ ಇವರಿಗೆ ಗೊತ್ತಾಗೂದಿಲ್ಲ' ಅಂದಳ್ರಿ."