ಅತ್ತೆಯ ಕಾರು ಪರೀಕ್ಷೆ ಮತ್ತು ಒಂದು ಪಾತ್ರೆ ಬಸ್ಸಾರು

ನಮ್ಮತ್ತೆ ಕಾರು ನೋಡೋಕೆ ಬರ್ತಿದ್ದಾರೆ ಅಂತ ಮೊದಲೇ ಗೊತ್ತಾಗಿದ್ದರೆ, ಜೆ.ಪಿ. ನಗರದಿಂದ ಬನಶಂಕರಿವರೆಗಿನ ಶೋರೂಮಿನವರೆಲ್ಲ ಅವತ್ತು ಶಟರ್ ಎಳೆದು ಮನೇಲಿ ಮಲಗಿರೋರು. ಉತ್ಪ್ರೇಕ್ಷೆ ಅಂತೀರಾ? ಒಂದು ಶೋರೂಮಿಗೆ ನಾವು ಎರಡನೇ ಸಲ ಹೋದಾಗ ಸೇಲ್ಸ್ ಹುಡುಗ ಗಾಜಿನ ಬಾಗಿಲ ಆಚೆಯಿಂದಲೇ ನಮ್ಮನ್ನು ನೋಡಿ, ಪಕ್ಕದ ಟೇಬಲಿನ ಕೆಳಗೆ ಪೆನ್ನು ಹುಡುಕೋಕೆ ಬಗ್ಗಿದವನು ಮೇಲೆ ಏಳಲೇ ಇಲ್ಲ. ಅತ್ತೆ ಬಿಡ್ತಾರಾ? ತಾವೂ ಬಗ್ಗಿ, "ಏನಪ್ಪಾ, ಸಿಕ್ತಾ?" ಅಂದರು.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಪುಟ್ಟೇನಹಳ್ಳಿಯ ಹಳೇ ಮನೆತನದ ಹೆಂಗಸು. ಈಗ ಅಪಾರ್ಟ್‌ಮೆಂಟು ಎದ್ದಿರೋ ಕಡೆ ಒಂದು ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸಿದವರು. ಈಗ ಬಾಡಿಗೆ ಮನೆಗಳನ್ನೂ, ಒಂದು ಹಿಟ್ಟಿನ ಗಿರಣಿಯನ್ನೂ, ನಮ್ಮ ಮಾವನನ್ನೂ ನಡೆಸಿಕೊಂಡು ಹೋಗ್ತಾರೆ. ಈ ಮೂರರಲ್ಲಿ ಸದ್ದು ಮಾಡದೆ ಇರೋದು ಮಾವ ಮಾತ್ರ.

ಹಳೇ ಕಾರು ಮಾರಿದ ಮೇಲೆ ಮನೆಯವರೆಲ್ಲ ಎತ್ತರದ ದೊಡ್ಡ ಗಾಡಿ ತಗೊಳ್ಳಿ ಅಂತ ಗಂಟುಬಿದ್ದರು. ಅತ್ತೆ ಒಪ್ಪಲಿಲ್ಲ. "ಅದಕ್ಕೆ ಹತ್ತೋಕೆ ಏಣಿ ಬೇಕು, ನಿಲ್ಸೋಕೆ ಪಕ್ಕದ ಮನೆಯೋರ ಗೇಟು ಬೇಕು. ನಂಗೆ ಚಿಕ್ಕದಾಗಿ, ಹಿಂದೆ ಡಿಕ್ಕಿ ಇರೋ ಕಾರೇ ಬೇಕು. ಡಿಕ್ಕಿ ಇಲ್ಲದ ಕಾರು, ಹಿತ್ತಲಿಲ್ಲದ ಮನೆ ಇದ್ದಂಗೆ ಕಣ್ಲಾ!" ಅಂದರು. ಮಾವನ ಬೇಡಿಕೆ ಒಂದೇ. "ನಂಗೇನೂ ಬೇಡ, ಹಿಂದಿನ ಸೀಟಿಗೆ ಎಸಿ ಗಾಳಿ ಬಂದ್ರೆ ಸಾಕು." ಮುಂದಿನ ಸೀಟಿನಲ್ಲಿ ಕೂರೋ ಧೈರ್ಯ ಅವರಿಗೆ ಯಾವತ್ತೂ ಇರಲಿಲ್ಲ. ಅತ್ತೆ ಗಾಡಿ ಓಡಿಸೋದನ್ನು ನೀವು ನೋಡಿದ್ದರೆ ನಿಮಗೂ ಇರ್ತಿರಲಿಲ್ಲ!

ಹೀಗೆ ನಾನು ಅತ್ತೆಯ ಡ್ರೈವರ್, ಗುಮಾಸ್ತ, ಇಂಗ್ಲಿಷ್ ದುಭಾಷಿ ಎಲ್ಲವೂ ಆಗಿ ಶೋರೂಮು ಸುತ್ತಿದೆ. ಕೈಗೆಟುಕೋ ಬೆಲೆಯಲ್ಲಿ ಕೊನೆಗೆ ಉಳಿದದ್ದು ಮೂರು ಕಾರು. ಅವುಗಳ ಹೆಸರು ಅತ್ತೆಯ ಬಾಯಲ್ಲಿ ನಿಲ್ಲಲಿಲ್ಲ, ತಾವೇ ನಾಮಕರಣ ಮಾಡಿದರು. ಮೊದಲನೆಯದು ನೋಡೋಕೆ ಸುಂದರ, ಓಟದಲ್ಲಿ ಚುರುಕು, ಆದರೆ ಪೆಟ್ರೋಲ್ ಕುಡಿಯೋದು ಜಾಸ್ತಿ. ಅದು 'ಅಳಿಯ'. ಎರಡನೆಯದರ ಬಾಗಿಲು ಭಾರ, ಮೈಕಟ್ಟು ಗಟ್ಟಿ, ಆದರೆ ಸರ್ವೀಸಿಗೆ ಬಿಟ್ಟರೆ ಉಪಚಾರ ಸಾಲದು ಅಂತ ಮುನಿಸಿಕೊಳ್ಳುತ್ತೆ ಅಂತ ಸುದ್ದಿ. ಅದು 'ಬೀಗ್ತಿ'. ಮೂರನೆಯದು ತೆಳ್ಳಗೆ, ಬೆಳ್ಳಗೆ, ಮಿತಾಹಾರಿ, ಯಾರ ತಂಟೆಗೂ ಹೋಗದು. ಅದು 'ಮೇಷ್ಟ್ರು'.

"ಮೇಡಂ, ಅಳಿಯ ಅಂದ್ರೆ ಯಾವ ಮಾಡೆಲ್?" ಅಂತ ಒಬ್ಬ ಮ್ಯಾನೇಜರು ಕಂಪ್ಯೂಟರಿನಲ್ಲಿ ಹುಡುಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಜನ ಕಾರು ಹೇಗೆ ಹೋಲಿಸ್ತಾರೆ? ಮೊಬೈಲಿನಲ್ಲಿ ವಿಡಿಯೋ ನೋಡ್ತಾರೆ, ಮೈಲೇಜು ಕೇಳ್ತಾರೆ, ಟೈರಿಗೊಂದು ಒದ್ದು 'ಚೆನ್ನಾಗಿದೆ' ಅಂತಾರೆ. ಅತ್ತೆ ಟೆಸ್ಟ್ ಡ್ರೈವಿಗೆ ಬಂದದ್ದು ಒಂದು ಅಗಲ ಬಾಯಿಯ ಪಾತ್ರೆ ತುಂಬ ಬಸ್ಸಾರು ಹಿಡಿದುಕೊಂಡು!

ಸೇಲ್ಸ್ ಹುಡುಗ ನಗ್ತಾ, "ಆಂಟಿ, ಲಂಚ್ ಬಾಕ್ಸ್ ಇಲ್ಲೇ ಇಟ್ಟು ಹೋಗ್ಬಹುದು," ಅಂದ.

"ಊಟಕ್ಕಲ್ಲಪ್ಪಾ, ಪರೀಕ್ಷೆಗೆ. ಹಂಪ್ ಮೇಲೆ ಇದು ಚೆಲ್ಲಿದ್ರೆ ನಿಮ್ಮ ಕಾರು ಫೇಲು."

ಅವನ ನಗು ಅಲ್ಲಿಗೆ ಮುಗೀತು. ಸೀಟಿನ ಮೇಲೆ ಹಳೇ ಟವೆಲ್ ಹಾಸಿ, ಪಾತ್ರೆಯನ್ನು ಮಾವನ ತೊಡೆ ಮೇಲಿಟ್ಟು, ಅತ್ತೆ ತಾವೇ ಪುಟ್ಟೇನಹಳ್ಳಿ ಕೆರೆ ಕಡೆ ಕಾರು ಹೊರಡಿಸಿದರು. ಅಳಿಯ ಮೊದಲ ಹಂಪಿಗೇ ಎಗರಿದ. ಸಾರು ಮಾವನ ಪಂಚೆಗೆ. ಬೇರೆ ದಿನ, ಬೇರೆ ಪಂಚೆ: ಬೀಗ್ತಿ ರಾಣಿಯ ಹಾಗೆ ಹಂಪ್ ಇಳಿದಳು, ಒಂದು ತೊಟ್ಟೂ ಅಲುಗಲಿಲ್ಲ. ಮೇಷ್ಟ್ರು ಸ್ವಲ್ಪ ಕುಲುಕಿದರು, ಸಾರು ಅಂಚಿನವರೆಗೆ ಬಂದು ಯೋಚನೆ ಮಾಡಿ ವಾಪಸ್ ಹೋಯಿತು. ಹಿಂದಿನ ಸೀಟಿನಲ್ಲಿ ಶೋರೂಮಿನ ಹುಡುಗ ಜೀವ ಕೈಯಲ್ಲಿ ಹಿಡಿದು ಕೂತಿದ್ದ. "ಇನ್ನೊಂದು ರೌಂಡ್ ಹೋಗಾಣ," ಅಂತ ಅತ್ತೆ ಅಂದಾಗ ಅವನ ಬಾಯಿಂದ ಬಂದದ್ದು "ದೇವ್ರೇ" ಅನ್ನೋ ಒಂದೇ ಮಾತು.

ಅಂಕ ಹಾಕೋಕೆ ಕೂತಾಗ ಮಾವನನ್ನು ಕೇಳಿದೆ, "ಯಾವುದು ಚೆನ್ನಾಗಿತ್ತು ಮಾವ?"

"ಸಾರು," ಅಂದರು.

ಇಷ್ಟಕ್ಕೆ ಮುಗೀತಾ? "ಶೋರೂಮಿನೋರು ಹೆತ್ತವರಿದ್ದಂಗೆ, ತಮ್ಮ ಕೂಸನ್ನ ತಾವೇ ಬೈಯಲ್ಲ. ದಿನಾ ಓಡ್ಸೋರನ್ನ ಕೇಳ್ಬೇಕು," ಅಂತ ಅತ್ತೆ ಹೊಸ ವರಸೆ ತೆಗೆದರು. ಈ ಥರದ ಕಾರು ದಿನಾ ಓಡಿಸೋರು ಯಾರು? ಕ್ಯಾಬಿನವರು! ಒಂದು ಬೆಳಿಗ್ಗೆ ನನ್ನ ಮೊಬೈಲಿನಿಂದ ತಲಘಟ್ಟಪುರಕ್ಕೆ ಕ್ಯಾಬ್ ಬುಕ್ ಮಾಡಿಸಿದರು. ಬಂದದ್ದು ಮೇಷ್ಟ್ರೇ, ಮಾವನನ್ನೂ ಕೂರಿಸಿಕೊಂಡು ಹೊರಟೆವು. ತಲಘಟ್ಟಪುರದಲ್ಲಿ ನಮಗೇನು ಕೆಲಸ? ಏನೂ ಇಲ್ಲ. ಹೋಗೋದು, ಒಂದು ಟೀ ಕುಡಿಯೋದು, ಬರೋದು. ದಾರಿಯುದ್ದಕ್ಕೂ ಅತ್ತೆಯ ಪ್ರಶ್ನೆಗಳು. ಕ್ಲಚ್ ಯಾವಾಗ ಹಾಕಿಸ್ದೆ? ಮಳೆಗಾಲದಲ್ಲಿ ಡಿಕ್ಕಿಗೆ ನೀರು ಬರ್ತೈತಾ? ಪೇಪರ್ ಎಲ್ಲಾ ಸರಿಯಾಗೈತಾ? ಟೀ ಅಂಗಡಿ ಹತ್ತಿರ ಇಳಿದು, ಸೆರಗು ಸಿಕ್ಕಿಸಿಕೊಂಡು, ಕಾರಿನ ತಳ ನೋಡೋಕೆ ರಸ್ತೆಗೇ ಬಗ್ಗಿದರು.

ಡ್ರೈವರ್ ನನ್ನನ್ನು ಪಕ್ಕಕ್ಕೆ ಎಳೆದ. ಹಣೆಯಲ್ಲಿ ಬೆವರು. "ಸಾರ್, ಮೇಡಂ ಆರ್‌ಟಿಒನಾ?"

"ಇಲ್ಲಪ್ಪ, ನಮ್ಮತ್ತೆ."

"ಅದಕ್ಕಿಂತ ಜಾಸ್ತಿ ಸಾರ್!" ಅಂದ.

ಭಯ ಹೋದ ಮೇಲೆ ಅವನು ಬಾಯಿ ಬಿಟ್ಟ. "ಅಕ್ಕಾ, ಇದಕ್ಕೆ ಶೋಕಿ ಇಲ್ಲ. ಬೆಳಿಗ್ಗೆ ಕೀ ತಿರುಗಿಸಿದ್ರೆ 'ಬಂದೆ ಅಣ್ಣ' ಅಂತದೆ. ಇನ್ನೇನು ಬೇಕು?"

ಅತ್ತೆ ಲೋಟ ಕೆಳಗಿಟ್ಟು ಮಾವನ ಕಡೆ ತಿರುಗಿದರು. ಮಾವ ಹಿಂದಿನ ಸೀಟಿನಿಂದ ಇಳಿದೇ ಇರಲಿಲ್ಲ. "ಹಿಂದಕ್ಕೆ ಗಾಳಿ ಬರ್ತೈತೆ," ಅಂದರು. ತೀರ್ಮಾನ ಆಯಿತು. ಮೇಷ್ಟ್ರು ಪಾಸ್!

ಬಿಳಿ ಬಣ್ಣದ್ದೇ ತಗೊಂಡೆವು, ಧೂಳು ಕಾಣಲ್ಲ ಅಂತ. ಬನಶಂಕರಿ ಅಮ್ಮನ ಗುಡಿ ಮುಂದೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಅತ್ತೆ ಸ್ಟೀರಿಂಗ್ ಹಿಡಿದರು. ಆ ಹಣ್ಣುಗಳು ಮಾತ್ರವಲ್ಲ, ಪಕ್ಕದಲ್ಲಿಟ್ಟಿದ್ದ ಹೂವಿನ ಬುಟ್ಟಿಯೂ ನುಜ್ಜುಗುಜ್ಜಾಯಿತು. ಹೂವಾಡಗಿತ್ತಿಯ ಬೈಗುಳವನ್ನೂ ಅತ್ತೆ ಆಶೀರ್ವಾದ ಅಂತಲೇ ಸ್ವೀಕರಿಸಿದರು.

ಮೊನ್ನೆ ಮಧ್ಯಾಹ್ನ ಮಾವನ ಶುಗರ್ ರಿಪೋರ್ಟ್ ತರೋಕೆ ಜಯನಗರದ ಒಂದು ಆಸ್ಪತ್ರೆಗೆ ಹೋಗಿದ್ದೆವು. ಮಾವ ಒಳಗೆ ಹೋಗಿದ್ದರು. ನಾನೂ ಅತ್ತೆಯೂ ಗೇಟಿನ ಪಕ್ಕ ಕಾರಲ್ಲೇ ಕೂತಿದ್ದೆವು. ಇದ್ದಕ್ಕಿದ್ದಂತೆ ಹಿಂದಿನ ಬಾಗಿಲು ತೆರೆಯಿತು. ಒಬ್ಬ ಅಜ್ಜಿ, ಎದೆಗೆ ಟವೆಲ್ ಒತ್ತಿ ಹಿಡಿದಿದ್ದ ಒಬ್ಬ ತಾತನನ್ನು ಮೆಲ್ಲಗೆ ಒಳಗೆ ಕೂರಿಸಿ, ತಾವೂ ಹತ್ತಿದರು. ಉಸಿರು ಬಿಟ್ಟು, ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು: "ಓಟಿಪಿ ಹೇಳ್ಲೇನಮ್ಮಾ?"

ಅವರು ಬುಕ್ ಮಾಡಿದ್ದ ಕ್ಯಾಬೂ ಬಿಳೀ ಕಾರು, ಅದೇ ಮಾಡೆಲ್. ನಂಬರ್ ಪ್ಲೇಟಿನ ಬಣ್ಣ ನೋಡೋ ವ್ಯವಧಾನ ಆ ಗಳಿಗೆಯಲ್ಲಿ ಯಾರಿಗಿರುತ್ತೆ? ನಾನು ವಿವರಿಸೋಕೆ ಬಾಯಿ ತೆಗೆದೆ. ಅತ್ತೆ ನನ್ನ ಮೊಣಕೈಗೆ ಚಿವುಟಿದರು. ಕನ್ನಡಿಯಲ್ಲಿ ತಾತನನ್ನು ಒಮ್ಮೆ ನೋಡಿದರು.

"ಹೇಳಿ ಅಮ್ಮಾ."

ಅಜ್ಜಿ ಒಂದೊಂದೇ ಅಂಕಿ ಓದಿದರು. ಅತ್ತೆ ಗಂಭೀರವಾಗಿ ಕೇಳಿಸಿಕೊಂಡು, "ಸರಿಯಾಗೈತೆ. ಮನೆ ಎಲ್ಲಿ ಬರ್ತೈತೆ?" ಅಂದರು.

"ಯಡಿಯೂರು ಕೆರೆ ಹತ್ರ."

"ಅತ್ತೆ, ಮಾವ..." ಅಂತ ಪಿಸುಗುಟ್ಟಿದೆ. "ಅವ್ರು ಆಟೋಲಿ ಬರ್ತಾರೆ, ಸುಮ್ನಿರ್ಲಾ," ಅಂತ ಅವರೂ ಪಿಸುಗುಟ್ಟಿದರು. ಕಾರು ಹೊರಟಿತು. ಟ್ರ್ಯಾಕ್ಟರ್ ಓಡಿಸಿದ ಆ ಕೈ ಅವತ್ತು ಒಂದು ಹಾರ್ನೂ ಹೊಡೆಯಲಿಲ್ಲ.

ಅರ್ಧ ದಾರಿಯಲ್ಲಿ ಅಜ್ಜಿಗೆ ಫೋನ್ ಬಂತು. "ಎಲ್ಲಿದೀರಾ ಅಮ್ಮಾ? ಗೇಟ್ ಹತ್ರಾನೇ ಇದೀನಿ," ಅಂತ ಗಂಡಸಿನ ದನಿ. "ನಾನು ಕಾರಲ್ಲೇ ಇದೀನಲ್ಲಪ್ಪಾ!" ಅಂದ ಅಜ್ಜಿ, ಮೊದಲು ಫೋನ್ ನೋಡಿದರು, ಆಮೇಲೆ ಅತ್ತೆಯನ್ನು, ಆಮೇಲೆ ನನ್ನನ್ನು. ಮುಖ ಬಿಳಿಚಿಕೊಂಡಿತು. ಅತ್ತೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕೈ ಚಾಚಿ ಫೋನ್ ಇಸಕೊಂಡರು.

"ತಮ್ಮಾ, ಕ್ಯಾನ್ಸಲ್ ಮಾಡ್ಕೊಳಪ್ಪ, ಬೇಜಾರ್ ಮಾಡ್ಕೋಬೇಡ. ನಾವು ಮನೆಯೋರು. ಕರ್ಕೊಂಡು ಹೋಗ್ತಾ ಇದೀವಿ."

ಅಜ್ಜಿ ಕೈ ಮುಗಿಯೋಕೆ ಹೋದರು. ಅಷ್ಟರಲ್ಲಿ ತಾತನ ತಲೆ ಅವರ ಭುಜಕ್ಕೆ ಒರಗಿತ್ತು. ನಿದ್ದೆ.

ಯಡಿಯೂರಿನ ಆ ಸಣ್ಣ ಓಣಿಯಲ್ಲಿ, ಮನೆಯ ಮುಂದೆ ಕಾರು ನಿಂತಾಗ ಅಜ್ಜಿ ತಾತನ ಕೆನ್ನೆ ತಟ್ಟೋಕೆ ಕೈ ಎತ್ತಿದರು. "ಬೇಡಮ್ಮಾ, ಎಬ್ಬಿಸ್ಬೇಡಿ," ಅಂದರು ಅತ್ತೆ.

"ಆಪರೇಷನ್ ಆದಾಗಿಂದ ಕಣ್ಣು ಮುಚ್ಚಿಲ್ಲ ಕಣಮ್ಮಾ. ನೋವು, ನೋವು ಅಂತಾರೆ. ಇವತ್ತೇ ಇಷ್ಟು ಮಲಗಿರೋದು," ಅಂತ ಅಜ್ಜಿ ಉಸಿರಿನಲ್ಲೇ ಹೇಳಿದರು.

ಅತ್ತೆ ಎಂಜಿನ್ ಆಫ್ ಮಾಡಲಿಲ್ಲ, ಎಸಿ ನಿಂತೀತು ಅಂತ. ನಾವು ಮೂವರೂ ತಾತ ಏಳೋವರೆಗೆ ಕಾಯ್ತಾ ಕೂತೆವು. ಹಿಂದೆ ಒಂದು ಸ್ಕೂಟರ್ ಬಂದು ದಾರಿ ಬಿಡಿ ಅಂತ ಹಾರ್ನ್ ಹೊಡೆಯಿತು. ಅತ್ತೆ ಬಾಗಿಲು ತೆಗೆದು ಇಳಿದರು. ಇವತ್ತು ಆ ಸ್ಕೂಟರ್ ಹುಡುಗನ ಕಥೆ ಮುಗೀತು ಅಂದುಕೊಂಡೆ. ಅತ್ತೆ ಅವನ ಹತ್ತಿರ ಹೋಗಿ, ತುಟಿ ಮೇಲೆ ಬೆರಳಿಟ್ಟು, ಕಾರಿನ ಹಿಂದಿನ ಗಾಜನ್ನು ತೋರಿಸಿದರು. ಅವನು ಬಗ್ಗಿ ಒಳಗೆ ನೋಡಿದ. ಆಮೇಲೆ ಎಂಜಿನ್ ನಿಲ್ಲಿಸಿ, ಇಳಿದು, ಗೋಡೆಗೂ ಕಾರಿಗೂ ನಡುವೆ ಇದ್ದ ಇಷ್ಟೇ ಇಷ್ಟು ಜಾಗದಲ್ಲಿ ಸ್ಕೂಟರನ್ನು ಮೆಲ್ಲಗೆ ತಳ್ಳಿಕೊಂಡು ನಮ್ಮನ್ನು ದಾಟಿ ಹೋದ.